ಔಟ್‌ಬೋರ್ಡ್ (ದೋಣಿ ಹಿಂದೆ ಕಟ್ಟುವ ಇಂಜಿನ್) ಪೆಟ್ರೋಲ್ ಜಾಸ್ತಿ ಕುಡೀತಾ ಉಂಟು, ಟ್ರಿಮ್ ಪಿನ್ (ಇಂಜಿನ್ ಎಷ್ಟು ವಾಲ್ಬೇಕು ಅಂತ ಹಿಡಿದಿಡುವ ಪಿನ್) ಯಾವ ತೂತಿಗೆ ಹಾಕ್ಬೇಕು?

ಮಲ್ಪೆ_ದೋಣಿ: ನಮ್ದು 16 ಅಡಿ ಫೈಬರ್ ದೋಣಿ, 9.9 ಎಚ್‌ಪಿ ಫೋರ್ ಸ್ಟ್ರೋಕ್. ಅಳಿವೆ ದಾಟಿ ಬಲೆ ಬಿಡ್ಲಿಕ್ಕೆ ಹೋಗುದು. ಫುಲ್ ಥ್ರಾಟಲ್‌ಗೆ ಗಂಟೆಗೆ 4 ಲೀಟರ್ ಹತ್ರ ಹೋಗ್ತದೆ, ಮೂತಿ ಮೇಲೆದ್ದು ಹಿಂದೆ ಕೂತವನಿಗೆ ಮುಂದಿನ ನೀರೇ ಕಾಣುದಿಲ್ಲ. ಎಂತ ಮಾಡುದು ಮಾರಾಯ್ರೆ?

ಗಂಗೊಳ್ಳಿ_ಮೆಕ್ಯಾನಿಕ್: ಆ ಇಂಜಿನ್‌ಗೆ ಫುಲ್ ಥ್ರಾಟಲ್‌ನಲ್ಲಿ 4 ಲೀಟರ್ ಮಾಮೂಲು, ಲೀಟರಿಗೆ ಎಷ್ಟು ದೂರ ಹೋಗ್ತೀರಿ ಅದನ್ನ ನೋಡಿ. ಮೂತಿ ಎದ್ರೆ ಇಂಜಿನ್ ಹೊರಗೆ ವಾಲಿದೆ ಅಂತ ಲೆಕ್ಕ. ಪಿನ್ ಒಂದು ತೂತು ದೋಣಿ ಕಡೆಗೆ ಹಾಕಿ, ಪೆಟ್ರೋಲ್ ಕ್ಯಾನು ಐಸ್ ಬಾಕ್ಸು ಎಲ್ಲಾ ಮುಂದೆ ಇಡಿ, ದೋಣಿ ನೀರಿನ ಮೇಲೆ ಸಪಾಟಾಗಿ ಓಡ್ಲಿಕ್ಕೆ ಶುರುವಾದ್ಮೇಲೆ ಥ್ರಾಟಲ್ ಸ್ವಲ್ಪ ಇಳಿಸಿ, ಉಳಿತಾಯ ಅಲ್ಲೇ ಇರೋದು.

ಕೋಡಿಬೆಂಗ್ರೆ: ಆದ್ರೆ ತೀರಾ ಒಳಗೆ ಹಾಕ್ಬೇಡಿ ಅಣ್ಣ. ಮೂತಿ ನೀರಿಗೆ ಕುತ್ತಿ ಹ್ಯಾಂಡಲ್ ಭಾರ ಆಗ್ತದೆ, ಅಳಿವೆಯಲ್ಲಿ ಹಿಂದಿಂದ ತೆರೆ ಬಂದಾಗ ದೋಣಿ ಅಡ್ಡ ತಿರುಗಿದ್ರೆ ಜೀವಕ್ಕೇ ಅಪಾಯ. ಪ್ರೊಪೆಲ್ಲರ್ ಮೇಲಿನ ಅಗಲ ಪ್ಲೇಟು ದೋಣಿ ತಳದ ಮಟ್ಟಕ್ಕೆ ಉಂಟಾ ನೋಡಿ, ತಳಕ್ಕೆ ಚಿಪ್ಪು ಹಿಡಿದಿದ್ರೆ ಕೆರೀರಿ.

ಮಲ್ಪೆ_ದೋಣಿ: ಪಿನ್ ಬದಲಿಸಿದೆ, ಕ್ಯಾನೂ ಮುಂದಿಟ್ಟೆ. ಈಗ ಮುಕ್ಕಾಲು ಥ್ರಾಟಲ್‌ಗೇ ಸಲೀಸಾಗಿ ಓಡ್ತದೆ. ತಳದಲ್ಲಿ ಚಿಪ್ಪು ಒಂದು ಬುಟ್ಟಿ ಸಿಕ್ತು!