ಪೀಟರ್ ಮಲನ್ ಸಣ್ಣ ಸಿನಿಮಾಗಳಲ್ಲಿ ಹೇಗೆ ಉಳಿದರು? ನಾನು ಸೀರಿಯಲ್‌ಗೆ ಹೋಗಲಾ?

ತೀರ್ಥಹಳ್ಳಿ ಹುಡುಗಿ:
ರಂಗಶಿಕ್ಷಣ ಮುಗಿಸಿ ಊರಲ್ಲೇ ನಾಟಕ ಮಾಡಿಕೊಂಡಿದ್ದೇನೆ. ಮೊನ್ನೆ ಶಿವಮೊಗ್ಗದಲ್ಲಿ ಗೆಳತಿ ಮನೆಯಲ್ಲಿ ಸ್ಕಾಟ್ಲೆಂಡಿನ ನಟ ಪೀಟರ್ ಮಲನ್ ನಾಯಕನಾಗಿರುವ 'ಮೈ ನೇಮ್ ಈಸ್ ಜೋ' ಸಿನಿಮಾ ನೋಡಿದೆ. ಜೋ ಕುಡಿತ ಬಿಟ್ಟವನು, ಕೈಯಲ್ಲಿ ಕೆಲಸ ಇಲ್ಲ. ಒಬ್ಬಳ ಮನೆ ಗೋಡೆಗೆ ಕಾಗದ ಅಂಟಿಸುತ್ತಿರುವಾಗ, ಸರ್ಕಾರದ ಭತ್ಯೆ ತಗೊಂಡು ಕೆಲಸವನ್ನೂ ಮಾಡುತ್ತಾನೆ ಅಂತ ಯಾರೋ ಫೋಟೋ ತೆಗೆಯುತ್ತಾರೆ. ಸೀದಾ ಹೋಗಿ ಅವರ ಕಾರಿನ ಮೇಲೆ ಬಣ್ಣ ಸುರಿಯುತ್ತಾನೆ. ಆ ಸಿಟ್ಟಲ್ಲಿ ಅವಮಾನವೂ ಕಾಣುತ್ತದೆ. ನನಗೆ ಅಂಥ ನಟನೆ ಬೇಕು. ಈಗ ಸೀರಿಯಲ್ ಒಂದರಿಂದ ಕರೆ ಬಂದಿದೆ. ಹೋದರೆ ಕೆಟ್ಟುಹೋಗುತ್ತೇನಾ?

ಹೆಗ್ಗೋಡಿನ ಕಡೆಯವ:
ಮಾರಾಯ್ತಿ, ಮಲನ್ ಸಣ್ಣ ಸಿನಿಮಾ ಒಂದನ್ನೇ ನಂಬಿ ಕೂತವರಲ್ಲ. ಜೋ ಪಾತ್ರಕ್ಕೆ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂದಿದ್ದು 1998ರಲ್ಲಿ, ಆಗ ಅವರಿಗೆ 38 ವರ್ಷ. ಅಲ್ಲಿಯವರೆಗೆ 'ಬ್ರೇವ್‌ಹಾರ್ಟ್', 'ಟ್ರೇನ್‌ಸ್ಪಾಟಿಂಗ್'ನಂಥವುಗಳಲ್ಲಿ ಚಿಕ್ಕ ಚಿಕ್ಕ ಪಾತ್ರ. ನಿರ್ದೇಶಕ ಕೆನ್ ಲೋಚ್ ಅವರ 'ರಿಫ್ ರಾಫ್'ನಲ್ಲೂ (1991) ಸಣ್ಣದೇ. ಏಳು ವರ್ಷದ ನಂತರ ಅದೇ ಲೋಚ್ ಜೋ ಪಾತ್ರ ಕೊಟ್ಟರು. ಚಿಕ್ಕ ಪಾತ್ರವನ್ನೂ ನೋಡುವವರು ನೋಡಿರುತ್ತಾರೆ.

ಆಮೇಲೂ ಹ್ಯಾರಿ ಪಾಟರ್‌ನಲ್ಲಿ ಖಳನಾದರು, ಸ್ಪೀಲ್‌ಬರ್ಗ್ ಅವರ 'ವಾರ್ ಹಾರ್ಸ್'ನಲ್ಲಿ ರೈತನಾದರು. ಅದು ಬಂದ 2011ರಲ್ಲೇ, ಪ್ಯಾಡಿ ಕಾನ್ಸಿಡೈನ್ ನಿರ್ದೇಶಿಸಿದ ಮೊದಲ ಪೂರ್ಣ ಚಿತ್ರ 'ಟೈರನೊಸಾರ್'ಗೆ ನಾಯಕ. ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮಲನ್‌ಗೂ ಸಹನಟಿ ಒಲಿವಿಯಾ ಕೋಲ್ಮನ್‌ಗೂ ವಿಶೇಷ ಪ್ರಶಸ್ತಿ ಬಂತು. ದೊಡ್ಡವರ ಸೆಟ್‌ಗೆ ಹೋಗಿದ್ದಕ್ಕೆ ನಟನೆ ಎಲ್ಲಿ ಹಾಳಾಯಿತು?

ಇನ್ನೊಂದು, ನನಗೆ ಜಾಸ್ತಿ ಮುಖ್ಯ ಅನಿಸುವುದು. ಅವರು ಪಾತ್ರ ಬರಲಿ ಅಂತ ಕಾಯುತ್ತಾ ಕೂರಲಿಲ್ಲ. ತಾವೇ ನಿರ್ದೇಶಿಸಿದರು. 'ದಿ ಮ್ಯಾಗ್ಡಲೀನ್ ಸಿಸ್ಟರ್ಸ್' 2002ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಚಿನ್ನದ ಸಿಂಹ ಗೆದ್ದಿತು. 'ನೆಡ್ಸ್' (2010) ಅವರು ಬೆಳೆದ ಗ್ಲಾಸ್ಗೋದ ಹುಡುಗರ ಕಥೆ. ನಮ್ಮಲ್ಲಿ 1973ರಲ್ಲೇ ನೀನಾಸಮ್ ಚಿತ್ರಸಮಾಜ ಶುರುವಾಗಿ, ಅಡಿಕೆ ತೋಟದ ಜನ ಲೋಕದ ಸಿನಿಮಾ ನೋಡಿದ್ದಾರೆ. ನೋಡಿದ್ದು ಸಾಕು, ತೀರ್ಥಹಳ್ಳಿ ಸಂತೆಯವರ ಕಥೆಯನ್ನು ನೀವೇ ಬರೆಯಿರಿ.

ಕುಪ್ಪಳಿ ಗಾಳಿ:
ಅಣ್ಣ ಹೇಳಿದ್ದು ಸರಿ, ಆದರೆ ಸೀರಿಯಲ್ ಲೆಕ್ಕವೇ ಬೇರೆ ಅಲ್ವಾ? ಅವರು ಮಾಡಿದ್ದು ಕೆಲವು ದಿನದ ಪಾತ್ರ. ಇಲ್ಲಿ ಮುಖ್ಯ ಪಾತ್ರ ಒಪ್ಪಿದರೆ ತಿಂಗಳಿಡೀ ಬೆಂಗಳೂರಲ್ಲೇ ಬಿದ್ದಿರಬೇಕು, ನಾಟಕದ ತಾಲೀಮಿಗೆ ಬರುವುದು ಕನಸೇ. ಪೋಷಕ ಪಾತ್ರ ಕೇಳಿ. ಡೇಟ್ಸ್ ಕಾಗದದ ಮೇಲೆ ಬರೆಸಿಕೊಳ್ಳಿ, ಸುಮ್ನೆ ಬಾಯಿಮಾತು ನಂಬಬೇಡಿ.

ತೀರ್ಥಹಳ್ಳಿ ಹುಡುಗಿ:
ಕರೆದಿದ್ದು ನಾಯಕಿಯ ಅತ್ತಿಗೆ ಪಾತ್ರಕ್ಕೆ. ದಿನ ಎಷ್ಟು ಬೇಕು ಅಂತ ನಾಳೆಯೇ ಫೋನ್ ಮಾಡಿ ಕೇಳುತ್ತೇನೆ. ದೀಪಾವಳಿ ಹೊತ್ತಿನ ನಾಟಕ ಮಾತ್ರ ಬಿಡುವುದಿಲ್ಲ. ಅಣ್ಣ, ಸಂತೆ ಕಥೆ ಬರೆದರೆ ಓದಿ ಹೇಳುತ್ತೀರಾ?

ಹೆಗ್ಗೋಡಿನ ಕಡೆಯವ:
ಕಳಿಸಿ ಮಾರಾಯ್ತಿ. ಅರ್ಧ ಬರೆದಿದ್ದರೂ ಆಯಿತು.