ಆನ್‌ಲೈನ್ ಎಂಎಸ್‌ಡಬ್ಲ್ಯೂ ಮಧ್ಯದಲ್ಲಿ ಟೆಕ್ಸಾಸ್ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದರೆ ಓದು, ಸಾಲ, ಲೈಸೆನ್ಸ್ ಏನಾಗುತ್ತದೆ?

ಹೊಸಹಾದಿ (ಪ್ರಶ್ನೆ)

ಅರಿಜೋನಾದ ಒಂದು ಖಾಸಗಿ, ಲಾಭರಹಿತ ಯೂನಿವರ್ಸಿಟಿಯ ಆನ್‌ಲೈನ್ ಎಂಎಸ್‌ಡಬ್ಲ್ಯೂಗೆ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೀಟು ಸಿಕ್ಕಿದೆ. ಈಗ ಇರುವುದು ಟೆಕ್ಸಾಸ್‌ನಲ್ಲಿ. ಗ್ರೀನ್ ಕಾರ್ಡ್ ಇದೆ, ಫೆಡರಲ್ ಸಾಲ ತೆಗೆದುಕೊಳ್ಳಬೇಕು. ಮುಂದಿನ ವರ್ಷ ಯಜಮಾನರ ಕೆಲಸ ಕ್ಯಾಲಿಫೋರ್ನಿಯಾಕ್ಕೆ ವರ್ಗವಾಗುವುದು ಹೆಚ್ಚುಕಡಿಮೆ ಖಚಿತ.

ಅಡ್ಮಿಷನ್ ಪತ್ರದ ಜೊತೆ "ಸ್ಟೇಟ್ ಆಥರೈಸೇಷನ್ ಮತ್ತು ವೃತ್ತಿ ಲೈಸೆನ್ಸ್ ಪ್ರಕಟಣೆಯನ್ನು ಓದಿದ್ದೇನೆ" ಎಂದು ಟಿಕ್ ಹಾಕಿಸಿಕೊಳ್ಳುವ ಪುಟ ಬಂದಿದೆ. ಯೂನಿವರ್ಸಿಟಿ "ಸಾರಾ" ಸದಸ್ಯ ಅಂತ ಅದರಲ್ಲಿದೆ. ಟಿಕ್ ಹಾಕುವ ಮುಂಚೆ ಏನೇನು ನೋಡಬೇಕು? ಮಧ್ಯದಲ್ಲಿ ರಾಜ್ಯ ಬದಲಾದರೆ ಓದು ನಿಲ್ಲುತ್ತದೆಯೇ? ಒಂದು ಸೆಮಿಸ್ಟರ್ ಬಿಡಬೇಕಾಗಿ ಬಂದರೆ ಸಾಲದ ಗತಿ ಏನು?

ಕಡತದಕೋಣೆ

ಆ ಪುಟದಲ್ಲಿ ಎರಡು ಬೇರೆ ಬೇರೆ ಅನುಮತಿಗಳನ್ನು ಒಟ್ಟಿಗೆ ಸೇರಿಸಿದ್ದಾರೆ. ಒಂದು, ನೀವು ಕೂತಿರುವ ರಾಜ್ಯದಲ್ಲಿ ನಿಮಗೆ ಪಾಠ ಹೇಳಲು ಯೂನಿವರ್ಸಿಟಿಗೆ ಬೇಕಾದ ಅನುಮತಿ. ಇನ್ನೊಂದು, ಡಿಗ್ರಿ ಮುಗಿದ ಮೇಲೆ ಆ ರಾಜ್ಯದಲ್ಲಿ ವೃತ್ತಿ ಮಾಡಲು ನಿಮಗೆ ಬೇಕಾದ ಲೈಸೆನ್ಸ್. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಸಿಗುವುದಿಲ್ಲ. "ಸಾರಾ ಸದಸ್ಯ" ಅನ್ನುವ ಮಾತು ಮೊದಲನೆಯದಕ್ಕೆ ಮಾತ್ರ ಸಂಬಂಧಿಸಿದ್ದು.

ಸಾರಾ ಅಂದರೆ ರಾಜ್ಯಗಳ ನಡುವಿನ ಪರಸ್ಪರ ಒಪ್ಪಂದ. ಯೂನಿವರ್ಸಿಟಿಗೆ ತನ್ನ ತವರು ರಾಜ್ಯದ ಒಪ್ಪಿಗೆ ಇದ್ದರೆ ಉಳಿದ ಸದಸ್ಯ ರಾಜ್ಯಗಳಲ್ಲಿ ಆನ್‌ಲೈನ್ ಪಾಠ ನಡೆಸಲು ಒಂದೊಂದು ಕಡೆಯೂ ಅರ್ಜಿ ಹಾಕಬೇಕಿಲ್ಲ. 49 ರಾಜ್ಯಗಳು ಇದರಲ್ಲಿವೆ, ಜೊತೆಗೆ ವಾಷಿಂಗ್ಟನ್ ಡಿಸಿ, ಪೋರ್ಟೊರಿಕೊ, ವರ್ಜಿನ್ ದ್ವೀಪಗಳು. ಹೊರಗುಳಿದಿರುವ ಒಂದೇ ರಾಜ್ಯ ಕ್ಯಾಲಿಫೋರ್ನಿಯಾ. ನಿಮ್ಮ ಪಾಲಿಗೆ ಬಂದಿರುವುದು ಅದೇ!

ಹಾಗಂತ ಗಾಬರಿಪಡಬೇಕಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹೊರರಾಜ್ಯದ ಲಾಭದುದ್ದೇಶದ ಖಾಸಗಿ ಸಂಸ್ಥೆಗಳು ಅಲ್ಲಿನ ಖಾಸಗಿ ಉನ್ನತ ಶಿಕ್ಷಣ ಬ್ಯೂರೋದಲ್ಲಿ ನೋಂದಾಯಿಸಿಕೊಳ್ಳಬೇಕು. ಲಾಭರಹಿತ ಸಂಸ್ಥೆಗಳ ದಾರಿ ಬೇರೆ, ಬಹಳಷ್ಟು ಸಂಸ್ಥೆಗಳು ಅಲ್ಲಿನವರನ್ನು ಸೇರಿಸಿಕೊಳ್ಳುತ್ತವೆ. ಆದರೆ ಯೂನಿವರ್ಸಿಟಿ ಸೇರಿಸಿಕೊಂಡರೂ ಒಂದು ನಿರ್ದಿಷ್ಟ ಕೋರ್ಸನ್ನು, ಅದರಲ್ಲೂ ಲೈಸೆನ್ಸ್‌ಗೆ ಒಯ್ಯುವ ಕೋರ್ಸನ್ನು, ಕ್ಯಾಲಿಫೋರ್ನಿಯಾದವರಿಗೆ ಮುಚ್ಚಿರಬಹುದು. ಆದ್ದರಿಂದ "ನಿಮ್ಮ ಯೂನಿವರ್ಸಿಟಿ ಕ್ಯಾಲಿಫೋರ್ನಿಯಾದಲ್ಲಿ ಇದೆಯೇ" ಎಂದು ಕೇಳಬೇಡಿ. "ಈ ಎಂಎಸ್‌ಡಬ್ಲ್ಯೂಗೆ ಈಗಾಗಲೇ ಸೇರಿರುವ ವಿದ್ಯಾರ್ಥಿ ಮಧ್ಯದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದರೆ ಪ್ರಾಕ್ಟಿಕಮ್ (ಸಂಸ್ಥೆಯೊಂದರಲ್ಲಿ ಮಾಡುವ ಪ್ರಾಯೋಗಿಕ ತರಬೇತಿ) ಸಹಿತ ಮುಗಿಸಬಹುದೇ" ಎಂದು ಕೇಳಿ. ಅಡ್ಮಿಷನ್ ಕೌನ್ಸಿಲರ್ ಫೋನಿನಲ್ಲಿ "ಏನೂ ತೊಂದರೆ ಇಲ್ಲ" ಅನ್ನುವುದಕ್ಕೆ ಬೆಲೆ ಇಲ್ಲ. ಸ್ಟೇಟ್ ಆಥರೈಸೇಷನ್ ನೋಡಿಕೊಳ್ಳುವ ಕಚೇರಿಯಿಂದ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ.

ನೀವು "ಎಲ್ಲಿದ್ದೀರಿ" ಅನ್ನುವುದಕ್ಕೂ ನಿಯಮವಿದೆ. ಫೆಡರಲ್ ನಿಯಮದ ಪ್ರಕಾರ ವಿದ್ಯಾರ್ಥಿಯ ಸ್ಥಳವನ್ನು ಯೂನಿವರ್ಸಿಟಿ ತನ್ನ ಲಿಖಿತ ನೀತಿಯಂತೆ, ಎಲ್ಲರಿಗೂ ಒಂದೇ ರೀತಿಯಲ್ಲಿ ನಿರ್ಧರಿಸಬೇಕು. ಮೊದಲ ಸಲ ಸೇರುವಾಗ ಒಮ್ಮೆ, ಆಮೇಲೆ ಸ್ಥಳ ಬದಲಾಗಿದೆ ಎಂದು ವಿದ್ಯಾರ್ಥಿ ಅಧಿಕೃತವಾಗಿ ತಿಳಿಸಿದಾಗ ಮತ್ತೊಮ್ಮೆ. ಪೋರ್ಟಲ್‌ನಲ್ಲಿ ಟಪಾಲು ವಿಳಾಸ ಬೇರೆ, ನೀವು ವಾಸಿಸುವ ಜಾಗ ಬೇರೆ ಕಾಲಂನಲ್ಲಿರುತ್ತದೆ. ಟಪಾಲು ವಿಳಾಸ ಮಾತ್ರ ಬದಲಿಸಿದರೆ ಬಹಳ ಕಡೆ ಅದು ತಿಳಿಸಿದಂತೆ ಆಗುವುದಿಲ್ಲ. ಯಾವ ಫಾರಂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಆ ನೀತಿಯಲ್ಲೇ ನೋಡಿ. ಶುಲ್ಕದ ರಿಯಾಯಿತಿಗೆ ಕೇಳುವ "ರೆಸಿಡೆನ್ಸಿ"ಗೂ ಇದಕ್ಕೂ ಸಂಬಂಧವಿಲ್ಲ.

ಎರಡನೇಸಾಲು

ಲೈಸೆನ್ಸ್ ಭಾಗ ನಾನು ಹೇಳುತ್ತೇನೆ, ಜನ ಹೆಚ್ಚು ಕೆಡುವುದು ಇಲ್ಲೇ.

2024ರ ಜುಲೈ 1ರಿಂದ ಜಾರಿಗೆ ಬಂದ ಫೆಡರಲ್ ನಿಯಮದಂತೆ, ಲೈಸೆನ್ಸ್‌ಗೆ ಒಯ್ಯುವ ಕೋರ್ಸ್ ವಿದ್ಯಾರ್ಥಿಯ ರಾಜ್ಯದ ಶೈಕ್ಷಣಿಕ ಅಗತ್ಯಗಳನ್ನು ಪೂರೈಸುತ್ತದೆ ಎಂದು ಯೂನಿವರ್ಸಿಟಿ ಖಚಿತಪಡಿಸಿಕೊಳ್ಳಬೇಕು. ಹಿಂದೆ "ಇನ್ನೂ ನಿರ್ಧರಿಸಿಲ್ಲ" ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು, ಈಗ ಪೂರೈಸುತ್ತದೆ ಅಥವಾ ಇಲ್ಲ ಎಂದು ಪಟ್ಟಿ ಹಾಕಬೇಕು. ಆದರೆ ಗಮನಿಸಿ, ಈ ಹೊಣೆ ನಿಂತಿರುವುದು ನೀವು ಮೊದಲು ಸೇರಿದಾಗ ಎಲ್ಲಿದ್ದಿರಿ ಎಂಬುದರ ಮೇಲೆ. ಅಂದರೆ ಟೆಕ್ಸಾಸ್. ಆಮೇಲೆ ನೀವು ಹೋಗುವ ಕ್ಯಾಲಿಫೋರ್ನಿಯಾಕ್ಕೆ ಅದು ತಾನಾಗಿ ಅನ್ವಯಿಸುವುದಿಲ್ಲ. ಇನ್ನೊಂದು ರಾಜ್ಯದಲ್ಲಿ ಕೆಲಸ ಮಾಡುವ ಉದ್ದೇಶವಿದೆ ಎಂದು ಸೇರುವಾಗಲೇ ಲಿಖಿತವಾಗಿ ದೃಢೀಕರಿಸಲು ನಿಯಮದಲ್ಲಿ ಅವಕಾಶವಿದೆ. ವರ್ಗ ಅಷ್ಟು ಖಚಿತವಾಗಿದ್ದರೆ ಅದನ್ನು ಈಗಲೇ ಕೇಳಿ. ಪಟ್ಟಿಯಲ್ಲಿ ಕ್ಯಾಲಿಫೋರ್ನಿಯಾದ ಎದುರು ಏನಿದೆ ಎಂಬುದರ ಸ್ಕ್ರೀನ್‌ಶಾಟ್ ತಾರೀಖು ಸಮೇತ ಇಟ್ಟುಕೊಳ್ಳಿ, ಪಟ್ಟಿಗಳು ಬದಲಾಗುತ್ತವೆ.

ಎರಡೂ ರಾಜ್ಯಗಳ ದಾರಿ ಒಂದೇ ಅಲ್ಲ. ಟೆಕ್ಸಾಸ್‌ನಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ ಎಎಸ್‌ಡಬ್ಲ್ಯೂಬಿ (ಸಮಾಜಕಾರ್ಯ ಲೈಸೆನ್ಸ್ ಬೋರ್ಡ್‌ಗಳ ಒಕ್ಕೂಟ) ನಡೆಸುವ ಮಾಸ್ಟರ್ಸ್ ಪರೀಕ್ಷೆ ಬರೆದು ಎಲ್‌ಎಂಎಸ್‌ಡಬ್ಲ್ಯೂ, ಅಂದರೆ ಮಾಸ್ಟರ್ಸ್ ಮಟ್ಟದ ಲೈಸೆನ್ಸ್ ಇರುವ ಸಮಾಜಕಾರ್ಯಕರ್ತೆ ಆಗಬಹುದು. ಕ್ಯಾಲಿಫೋರ್ನಿಯಾದಲ್ಲಿ ಆ ಮಧ್ಯದ ಮೆಟ್ಟಿಲೇ ಇಲ್ಲ. ಅಲ್ಲಿ ಲೈಸೆನ್ಸ್ ಕೊಡುವ ಬಿಹೇವಿಯರಲ್ ಸೈನ್ಸಸ್ ಬೋರ್ಡ್‌ನಲ್ಲಿ ಅಸೋಸಿಯೇಟ್ ಆಗಿ ನೋಂದಾಯಿಸಿಕೊಂಡು, ಅಲ್ಲಿನ ಕಾನೂನು ಮತ್ತು ನೀತಿ ಪರೀಕ್ಷೆ ಬರೆದು, ಮೇಲ್ವಿಚಾರಣೆಯಲ್ಲಿ 3,000 ಗಂಟೆ ಕೆಲಸ ಮಾಡಿ, ಆಮೇಲೆ ಕ್ಲಿನಿಕಲ್ ಪರೀಕ್ಷೆ ಬರೆದರೆ ಎಲ್‌ಸಿಎಸ್‌ಡಬ್ಲ್ಯೂ (ಕ್ಲಿನಿಕಲ್ ಮಟ್ಟದ ಲೈಸೆನ್ಸ್). ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸುವುದೂ ಸೇರಿದಂತೆ ಕೆಲವು ವಿಷಯಗಳಲ್ಲಿ ಹೆಚ್ಚುವರಿ ತರಬೇತಿಯನ್ನೂ ಕೇಳುತ್ತಾರೆ. ಬೋರ್ಡ್‌ನ ಪಟ್ಟಿ ಎದುರಿಗಿಟ್ಟುಕೊಂಡು ನಿಮ್ಮ ಸಿಲಬಸ್ ತಾಳೆ ನೋಡಿ. ಕೊರತೆ ಇದ್ದರೆ ಐಚ್ಛಿಕ ವಿಷಯವಾಗಿ ಈಗಲೇ ತುಂಬಿಕೊಳ್ಳುವುದು ಸುಲಭ. ಇದೆಲ್ಲಕ್ಕಿಂತ ಮುಂಚೆ ಕೋರ್ಸಿಗೆ ಸಿಎಸ್‌ಡಬ್ಲ್ಯೂಇ (ಸಮಾಜಕಾರ್ಯ ಕೋರ್ಸುಗಳನ್ನು ಪರಿಶೀಲಿಸುವ ಸಂಸ್ಥೆ) ಮಾನ್ಯತೆ ಇದೆಯೇ ನೋಡಿ. ಅದಿಲ್ಲದಿದ್ದರೆ ಬೇರೆ ಚರ್ಚೆಯೇ ಬೇಡ. ಯೂನಿವರ್ಸಿಟಿಯ ಮಾನ್ಯತೆ ಬೇರೆ, ಕೋರ್ಸಿನ ಮಾನ್ಯತೆ ಬೇರೆ.

ಪ್ರಾಕ್ಟಿಕಮ್ ಕನಿಷ್ಠ 900 ಗಂಟೆ. ಪ್ರತಿ ಜಾಗಕ್ಕೂ ಯೂನಿವರ್ಸಿಟಿ ಮತ್ತು ಆ ಸಂಸ್ಥೆಯ ನಡುವೆ ಒಪ್ಪಂದ ಆಗಬೇಕು. ವಕೀಲರ ಕೈಗೆ ಹೋದರೆ ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಮಧ್ಯದಲ್ಲಿ ಊರು ಬಿಟ್ಟರೆ ಆಗಿರುವ ಗಂಟೆಗಳು ಹೊಸ ಜಾಗಕ್ಕೆ ಸೇರುತ್ತವೆಯೇ ಎಂಬುದು ಪ್ರಾಕ್ಟಿಕಮ್ ನಿಯಮಗಳ ಕೈಪಿಡಿಯಾದ ಫೀಲ್ಡ್ ಮ್ಯಾನುಯಲ್‌ನಲ್ಲಿರುತ್ತದೆ. ಕೆಲವು ಕಡೆ ಸೇರುವುದಿಲ್ಲ. ಹಾಗಾಗಿ ವರ್ಗ ಯಾವಾಗ ಎಂದು ಗೊತ್ತಾಗುವವರೆಗೆ ಥಿಯರಿ ಮುಗಿಸಿಕೊಂಡು, ಪ್ರಾಕ್ಟಿಕಮನ್ನು ಅಲ್ಲಿಗೆ ಹೋದ ಮೇಲೆ ಶುರುಮಾಡುವುದು ವಾಸಿ. ಪಠ್ಯಕ್ರಮ ಅದಕ್ಕೆ ಬಿಡುತ್ತದೆಯೇ ಎಂದು ಅಡ್ವೈಸರ್ ಹತ್ತಿರ ಕೇಳಿ.

ಲೆಕ್ಕದಪುಸ್ತಕ

ಸಾಲದ ವಿಷಯ. ಸೆಮಿಸ್ಟರ್ ಶುರುವಾದ ಮೇಲೆ ಎಲ್ಲ ಕೋರ್ಸ್ ಬಿಟ್ಟರೆ ಫೆಡರಲ್ ನೆರವಿನ ಎಷ್ಟು ಪಾಲು ನಿಮ್ಮದು ಎಂಬುದನ್ನು ದಿನಗಳ ಲೆಕ್ಕದಲ್ಲಿ ತೆಗೆಯುತ್ತಾರೆ. 60% ದಾಟಿದ್ದರೆ ಪೂರ್ತಿ ನಿಮ್ಮದು. ಅದಕ್ಕಿಂತ ಮೊದಲಾದರೆ ಹೀಗೆ: 112 ದಿನದ ಸೆಮಿಸ್ಟರ್, 28ನೇ ದಿನ ಬಿಟ್ಟಿರಿ, ಅಂದರೆ 25%. ಸಾಲ 10,000 ಡಾಲರ್, ಅದರಲ್ಲಿ ಶುಲ್ಕ 8,000, ಉಳಿದ 2,000 ನಿಮ್ಮ ಕೈಗೆ ಬಂದಿದೆ ಅನ್ನಿ. 7,500 ನಿಮ್ಮದಲ್ಲ ಎಂದಾಯಿತು. ಶುಲ್ಕದ 75%, ಅಂದರೆ 6,000 ಡಾಲರನ್ನು ಯೂನಿವರ್ಸಿಟಿ ಸರಕಾರಕ್ಕೆ ವಾಪಸ್ ಕಳಿಸುತ್ತದೆ. ಉಳಿದ 1,500 ಸಾಲವಾಗಿಯೇ ಉಳಿದು ಮಾಮೂಲಿ ಕಂತಿನಲ್ಲಿ ತೀರುತ್ತದೆ. ಈಗ ಬರುತ್ತದೆ ನೋಡಿ ಪೆಟ್ಟು: ಯೂನಿವರ್ಸಿಟಿ ತನ್ನ ನಿಯಮದಂತೆ ಶುಲ್ಕ ವಾಪಸ್ ಕೊಡುವ ಅವಧಿ ಅಷ್ಟರಲ್ಲಿ ಮುಗಿದಿದ್ದರೆ ಆ 6,000 ಡಾಲರ್ ಶುಲ್ಕಬಾಕಿಯಾಗಿ ನಿಮ್ಮ ಹೆಸರಿಗೆ ಬೀಳುತ್ತದೆ, ಅದೂ ಒಟ್ಟಿಗೆ ಕಟ್ಟಬೇಕಾದ ಹಣ. ಎರಡು ನಿಯಮಗಳು ಬೇರೆ ಬೇರೆ ಎಂದು ಗೊತ್ತಿಲ್ಲದವರು ಸಿಕ್ಕಿಬೀಳುವುದು ಹೀಗೆ.

ಸೆಮಿಸ್ಟರನ್ನು ಎಂಟೆಂಟು ವಾರದ ಎರಡು ಭಾಗ ಮಾಡಿದ್ದರೆ ಸ್ವಲ್ಪ ಉಸಿರಾಡಬಹುದು. ಒಟ್ಟು ದಿನಗಳ 49% ಅಥವಾ ಹೆಚ್ಚಿರುವ ಭಾಗವನ್ನು ಪಾಸಾಗಿ ಮುಗಿಸಿದ್ದರೆ ಎರಡನೆಯದನ್ನು ಬಿಟ್ಟರೂ ಈ ಲೆಕ್ಕಕ್ಕೆ ಬಿಟ್ಟವರ ಪಟ್ಟಿಗೆ ಸೇರಿಸುವುದಿಲ್ಲ. ಸಾಮಾನು ಕಟ್ಟುವುದನ್ನು ಮೊದಲ ಭಾಗ ಮುಗಿದ ಮೇಲೆ ಇಟ್ಟುಕೊಳ್ಳಿ.

ಹೇಳದೆ ಕೇಳದೆ ಕಾಣೆಯಾಗಬೇಡಿ. ದಿನಾ ಲಾಗಿನ್ ಆಗುತ್ತಿದ್ದೆ ಅಂದರೆ ಹಾಜರಿ ಆಗುವುದಿಲ್ಲ. ಅಸೈನ್‌ಮೆಂಟ್ ಕೊಟ್ಟದ್ದು, ಪರೀಕ್ಷೆ ಬರೆದದ್ದು, ಪಾಠದ ಚರ್ಚೆಯಲ್ಲಿ ಬರೆದದ್ದು, ಇಂಥವೇ ಲೆಕ್ಕ.

"ಲೀವ್ ಆಫ್ ಆಬ್ಸೆನ್ಸ್" ಎಂಬ ಹೆಸರಿಗೆ ಮೋಸಹೋಗಬೇಡಿ. ಯೂನಿವರ್ಸಿಟಿ ಕೊಡುವ ರಜೆಯೆಲ್ಲ ಫೆಡರಲ್ ಲೆಕ್ಕದಲ್ಲಿ ರಜೆ ಅಲ್ಲ. ಅಲ್ಲಿ ಮಾನ್ಯವಾಗಬೇಕಾದರೆ 12 ತಿಂಗಳಲ್ಲಿ ಒಟ್ಟು 180 ದಿನ ಮೀರಬಾರದು, ವಾಪಸ್ ಬಂದಾಗ ಬಿಟ್ಟ ಜಾಗದಿಂದಲೇ ಮುಂದುವರಿಸುವಂತಿರಬೇಕು. ಸೆಮಿಸ್ಟರ್ ಪದ್ಧತಿಯಲ್ಲಿ ಅದು ಕಷ್ಟ. ಮಾನ್ಯವಲ್ಲದ ರಜೆಯಲ್ಲಿ ಸಾಲದ ಆರು ತಿಂಗಳ ಗ್ರೇಸ್ ಅವಧಿ (ಕಂತು ಶುರುವಾಗುವ ಮುಂಚಿನ ಬಿಡುವು) ಓಡತೊಡಗುತ್ತದೆ. ಮಾನ್ಯ ರಜೆ ಪಡೆದು ವಾಪಸ್ ಬಾರದಿದ್ದರೂ ಬಿಟ್ಟ ದಿನವನ್ನು ರಜೆಯ ಆರಂಭಕ್ಕೇ ಒಯ್ಯುತ್ತಾರೆ.

ಇನ್ನು ಫೆಡರಲ್ ನೆರವು ಮುಂದುವರಿಯಲು ಬೇಕಾದ ಪ್ರಗತಿಯ ಮಾನದಂಡ. ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ 67% ಮುಗಿಸಿರಬೇಕು ಎಂಬುದು ಸಾಮಾನ್ಯ ಮಟ್ಟ. 18 ತೆಗೆದುಕೊಂಡು 12 ಮುಗಿಸಿದರೆ 66.67%. ಕೆಲವು ಕಡೆ ಅದನ್ನು 67 ಎಂದು ಎಣಿಸುತ್ತಾರೆ, ಕೆಲವು ಕಡೆ ಇಲ್ಲ. 'ಡಬ್ಲ್ಯೂ' (ಮಧ್ಯದಲ್ಲಿ ಬಿಟ್ಟ ಕೋರ್ಸ್), 'ಇನ್‌ಕಂಪ್ಲೀಟ್' (ಕೆಲಸ ಬಾಕಿ ಇರುವ ಕೋರ್ಸ್) ಎರಡೂ ತೆಗೆದುಕೊಂಡದ್ದರಲ್ಲಿ ಸೇರುತ್ತವೆ, ಮುಗಿಸಿದ್ದರಲ್ಲಿ ಇಲ್ಲ.

ಸಣ್ಣಕಿಟಕಿ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಎಫ್-1 (ವಿದ್ಯಾರ್ಥಿ ವೀಸಾ), ಎಚ್-4ನವರಿಗೂ (ಎಚ್-1ಬಿ ಉದ್ಯೋಗಿಗಳ ಕುಟುಂಬದ ವೀಸಾ) ಇದೇನಾ?

ಕಡತದಕೋಣೆ

ಎಫ್-1ನವರಿಗೆ ಪೂರ್ತಿ ಆನ್‌ಲೈನ್ ಡಿಗ್ರಿ ಆಗುವುದಿಲ್ಲ. ಫುಲ್‌ಟೈಮ್ ಲೆಕ್ಕಕ್ಕೆ ಒಂದು ಸೆಮಿಸ್ಟರ್‌ಗೆ ಒಂದೇ ಆನ್‌ಲೈನ್ ಕ್ಲಾಸ್ ಅಥವಾ 3 ಕ್ರೆಡಿಟ್ ಹಿಡಿಯುತ್ತಾರೆ. ಎಚ್-4ನವರು ಆನ್‌ಲೈನ್‌ನಲ್ಲಿ ಓದಬಹುದು, ಆದರೆ ಫೆಡರಲ್ ನೆರವು ಇಲ್ಲ. ರಾಜ್ಯದ ಅನುಮತಿಯ ವಿಷಯ ಮಾತ್ರ ವೀಸಾ ನೋಡುವುದಿಲ್ಲ, ನೀವು ಕೂತ ಜಾಗ ನೋಡುತ್ತದೆ.

ಹೊಸಹಾದಿ

ತುಂಬ ಉಪಕಾರವಾಯಿತು. ಯೂನಿವರ್ಸಿಟಿ ಲಿಖಿತವಾಗಿ ಒಂದು ಹೇಳಿ ಆಮೇಲೆ ಇನ್ನೊಂದು ಮಾಡಿದರೆ ದೂರು ಎಲ್ಲಿ?

ಕಡತದಕೋಣೆ

ಮೊದಲು ಯೂನಿವರ್ಸಿಟಿಯ ಒಳಗಿನ ದೂರು ಕ್ರಮ ಪೂರ್ತಿ ಮುಗಿಸಿ. ಟೆಕ್ಸಾಸ್‌ನಲ್ಲಿರುವಾಗ ಆದದ್ದಾದರೆ ಆಮೇಲೆ ಅರಿಜೋನಾದ ಸಾರಾ ಕೌನ್ಸಿಲ್‌ಗೆ, ಘಟನೆಯಾದ ಎರಡು ವರ್ಷದೊಳಗೆ. ಅಂಕ ಮತ್ತು ಶಿಸ್ತುಕ್ರಮದ ದೂರುಗಳನ್ನು ಅವರು ತೆಗೆದುಕೊಳ್ಳುವುದಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲಿನದಾದರೆ ಅಲ್ಲಿನ ಗ್ರಾಹಕ ವ್ಯವಹಾರಗಳ ಇಲಾಖೆಗೆ. ಆ ದಾರಿ ತೆರೆದದ್ದೇ 2019ರಲ್ಲಿ. ಹೊರರಾಜ್ಯದ ಸರಕಾರಿ ಮತ್ತು ಲಾಭರಹಿತ ಸಂಸ್ಥೆಗಳ ವಿರುದ್ಧ ದೂರು ಕೇಳುವವರು ಇಲ್ಲ, ಹಾಗಾಗಿ ಅಲ್ಲಿ ಆನ್‌ಲೈನ್ ಓದುವ ಕ್ಯಾಲಿಫೋರ್ನಿಯಾದವರಿಗೆ ಫೆಡರಲ್ ನೆರವು ಸಿಗದು ಎಂದು ಶಿಕ್ಷಣ ಇಲಾಖೆ ಆ ಜುಲೈನಲ್ಲಿ ಹೇಳಿತು. ರಾಜ್ಯ ತಡಮಾಡದೆ ವ್ಯವಸ್ಥೆ ಮಾಡಿಕೊಂಡಿತು.

ದೂರಿನ ಜೊತೆ ಆ ಇಮೇಲ್, ನೀವು ಸೇರಿದ ವರ್ಷದ ಕ್ಯಾಟಲಾಗ್‌ನ ಪಿಡಿಎಫ್, ಸ್ಥಳ ಬದಲಾವಣೆ ತಿಳಿಸಿದ ಫಾರಂನ ಪ್ರತಿ ಇರಲಿ. ಕ್ಯಾಟಲಾಗನ್ನು ಸೇರಿದ ದಿನವೇ ಇಳಿಸಿಕೊಳ್ಳಿ, ವೆಬ್‌ಸೈಟ್‌ನಲ್ಲಿರುವುದು ಪ್ರತಿ ವರ್ಷ ಹೊಸದಾಗುತ್ತದೆ.