ಈ ವಾರದ ಸಮಸ್ಯೆ: ನಾಡನ್ನೇ ಕೊಂಡ ಸನ್ಯಾಸಿ

ಗೆಳೆಯರೇ, ಈ ಸಲ ಭಾಮಿನಿ ಷಟ್ಪದಿ. ಪ್ರಾಸ ಡಕಾರ, ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರ ಡಕಾರ. ಕೊನೆಯ ಸಾಲು ಇದು, ಮೇಲಿನ ಐದು ಸಾಲು ತುಂಬಿ ಪೂರಣ ಮಾಡೋದು ನಿಮ್ಮ ಕೆಲಸ:

ಬಡತನದ ನೋಂಪಿಯಲಿ ನಾಡನೆ ಕೊಂಡ ಸನ್ಯಾಸಿ

ನೋಂಪಿ ಅಂದ್ರೆ ವ್ರತ. ಇದು ಸುಮ್ನೆ ಹೊಸೆದ ಸಾಲಲ್ಲ, ನಡೆದ ಕಥೆ. ಆ ಸನ್ಯಾಸಿ ಉಲ್ರಿಖ್ ರೋಶ್. ಹುಟ್ಟಿದ್ದು 1426ರಲ್ಲಿ, ಈಗಿನ ಜರ್ಮನಿಯ ವಾಂಗೆನ್ ಊರಲ್ಲಿ. 1463ರಲ್ಲಿ ಈಗಿನ ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್ ಮಠದ ಪಟ್ಟಕ್ಕೆ ಬಂದ. ಆಗ ಅಲ್ಲಿ ಮಠದ ಒಡೆಯನೇ ಸೀಮೆಯ ರಾಜ. 1468ರಲ್ಲಿ ಟೊಗೆನ್‌ಬುರ್ಗ್ ಸೀಮೆಯನ್ನು 14,500 ಗುಲ್ಡನ್ (ಚಿನ್ನದ ನಾಣ್ಯ) ಕೊಟ್ಟು ಕೊಂಡ. ಕತ್ತಿ ಎತ್ತಲಿಲ್ಲ, ದುಡ್ಡು ಎಣಿಸಿದ. ಆದರೆ ಸನ್ಯಾಸಿಗೆ ಸ್ವಂತದ್ದು ಅಂತ ಏನೂ ಇರಬಾರದು, ಅಲ್ವಾ? ಈ ಗಂಟನ್ನು ಪದ್ಯ ಬಿಚ್ಚಬೇಕು.

ಪೂರಣ 1

ಅಡುಗೆ ಮನೆಯಲಿ ಪಾತ್ರೆ ತೊಳೆಯುವ
ಹುಡುಗ, ಬೇಕರಿಯವನ ಮಗನಿವ
ಬಿಡದೆ ಲೆಕ್ಕವನಿಟ್ಟು ಮುಳುಗಿದ ಮಠವನೆತ್ತಿದನು
ಒಡೆಯನಾದನು ಕೊನೆಗೆ; ಹೊನ್ನಿನ
ಕೊಡವನಿಟ್ಟನು ದೊರೆಯ ಮುಂದಕೆ
ಬಡತನದ ನೋಂಪಿಯಲಿ ನಾಡನೆ ಕೊಂಡ ಸನ್ಯಾಸಿ

— ಅಣ್ಣ, ‘ಬೇಕರಿಯವನ ಮಗನಿವ’ ಓದಿ ಖುಷಿಯಾಯ್ತು. ನಿಜಕ್ಕೂ ಅವರಪ್ಪ ರೊಟ್ಟಿ ಸುಡುತ್ತಿದ್ದವನು, ಇವನು ಮಠದ ಅಡುಗೆಮನೆಗೆ ಕೆಲಸಕ್ಕೆ ಸೇರಿದವನು. ಮಠ ಸಾಲದಲ್ಲಿ ಮುಳುಗಿದ್ದೂ ನಿಜ. ಮೂರನೇ ಸಾಲಿನ ನಡೆ ಎಷ್ಟು ಚೆನ್ನಾಗಿ ಕೂತಿದೆ! ಆದರೆ ಗಂಟು ಹಾಗೇ ಉಳಿಯಿತು. ಕೊಡದ ತುಂಬ ಹೊನ್ನಿಟ್ಟವನಿಗೆ ಬಡತನ ಎಲ್ಲಿಂದ ಬಂತು?

ಪೂರಣ 2

ಉಡುಗೆ ಕೂಡಾ ತನ್ನದೆನ್ನನು
ಪಡೆದ ನಾಡನು ತನಗೆ ಬರೆಯದೆ
ಗುಡಿಯ ಸಂತನ ಪಾಲಿಗೆನ್ನುತ ಬರೆದು ಮುಡಿಪಿಟ್ಟ
ಕುಡಿವುದುಂಟೇ ತನ್ನ ನೀರನು
ನಡೆದು ಹೊಲಗಳಿಗುಣಿಪ ಕಾಲುವೆ?
ಬಡತನದ ನೋಂಪಿಯಲಿ ನಾಡನೆ ಕೊಂಡ ಸನ್ಯಾಸಿ

— ಅಕ್ಕಾ, ಗಂಟು ಬಿಚ್ಚಿತು! ಕಾಲುವೆಯ ಮಾತು ಮನಸ್ಸಲ್ಲೇ ನಿಂತುಬಿಟ್ಟಿದೆ. ನನ್ನ ಮತ ಇದಕ್ಕೇ.

— ಪದ್ಯ ನನಗೂ ಇಷ್ಟ. ಆದರೆ ಸಾಂಕ್ಟ್ ಗಾಲೆನ್ ಊರವರಿಗೆ ಅವನು ಕಾಲುವೆಯಾಗಿ ಕಾಣಲಿಲ್ಲ. ಮಠವನ್ನೇ ಕಾನ್‌ಸ್ಟನ್ಸ್ ಸರೋವರದ ದಡದ ರೋರ್‌ಶಾಖ್‌ಗೆ ಸಾಗಿಸಬೇಕೆಂದು 1487ರಲ್ಲಿ ಕಟ್ಟಡ ಶುರು ಮಾಡಿದ. ಮಠ ಹೋದರೆ ಊರಿನ ಗತಿಯೇನು? 1489ರ ಜುಲೈ 28ರಂದು ಸಾಂಕ್ಟ್ ಗಾಲೆನ್ ಮತ್ತು ಪಕ್ಕದ ಅಪೆನ್‌ತ್ಸೆಲ್ ಜನ ನುಗ್ಗಿ, ಏಳುತ್ತಿದ್ದ ಗೋಡೆಗಳನ್ನು ಕೆಡವಿ ಸುಟ್ಟರು. 1491ರಲ್ಲಿ ಅವನು ತೀರಿಕೊಂಡ. ಆ ಜನರ ದನಿಯಲ್ಲೂ ಒಂದು ಪೂರಣ ಬರಲೇಬೇಕು. ನನಗೆ ಎರಡೇ ಸಾಲು ಹೊಳೆದಿವೆ, ಯಾರಾದರೂ ಮುಂದುವರಿಸಿ:

ಕೆಡವಿ ಬಂದೆವು ಹೊಸತು ಗೋಡೆಯ
ಸುಡುವ ತೊಲೆಗಳ ಹೊಗೆಯ ನಡುವೆಯೆ…